ಒಂದು ಗಂಟೆಯ ಬುತ್ತಿ

ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಶೇಂಗಾ ಹುರಿದ ವಾಸನೆ. ಹೋಳಿಗೆಯ ತಯಾರಿ. ನಿಮಗಾದರೆ ಬಾಯಲ್ಲಿ ನೀರೂರೀತು. ನನ್ನ ಕೈ ಮಾತ್ರ ಕೊರಳಲ್ಲಿಲ್ಲದ ಸೀಟಿಯನ್ನು ತಡಕುತ್ತದೆ.

ಬೈಲಹೊಂಗಲದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ಐದಕ್ಕೆ ಏಳುವುದು, ಒಂದಕ್ಕೆ ಊಟ, ಒಂಬತ್ತಕ್ಕೆ ದೀಪ ಆರಿಸುವುದು. ನಿವೃತ್ತಿಯ ನಂತರ ಸೀಟಿ ಕೇಳಲು ಉಳಿದವಳು ಹೆಂಡತಿ ಶಾಂತಾ ಒಬ್ಬಳೇ. ಅವಳು ಕೇಳುತ್ತಿದ್ದಳೆಂದು ನಾನು ಹೇಳಲಾರೆ.

ಎರಡು ವರ್ಷದ ಕೆಳಗೆ ಖಾನಾಪುರ ಕಡೆಯ ಕಾಡುಗುಡ್ಡದ ಹಳ್ಳಿಯೊಂದಕ್ಕೆ ಇಬ್ಬರೂ ಹೊರಟೆವು. ಎಂ.ಕೆ. ಹುಬ್ಬಳ್ಳಿಯ ಸಂತೆಗೆ ಬಿದಿರಬುಟ್ಟಿ ತರುತ್ತಿದ್ದ ಪಾಂಡುರಂಗ, ಅವರೂರಿನ ಹಾಡು-ಕುಣಿತ ನೋಡಲು ಕರೆದಿದ್ದ. ಜೀಪು ನಿಂತಲ್ಲಿಂದ ಮೂರು ತಾಸಿನ ನಡಿಗೆ; ದಾರಿ ತೋರಲು ಪಾಂಡುರಂಗ ಮುಂದೆ. ಶಾಂತಾಳಿಗೆ ಮೊಣಕಾಲು ನೋವು. ನನ್ನ ಹೆಗಲಿಗೆ ಶೇಂಗಾ ಹೋಳಿಗೆಯ ಗಂಟು.

ಗಡಿಯಾರ ನೋಡಿ ನಿಂತೆ. "ಒಂದಾತು. ಉಣ್ಣೂಣು."

"ಬ್ಯಾಡ್ರಿ ಮಾಸ್ತರ. ನಾವು ಕಾಡಿನ್ಯಾಗ ಬುತ್ತಿ ಬಿಚ್ಚೂದಿಲ್ಲ. ಊರು ಇನ್ನ ಒಂದ ತಾಸು," ಎಂದ ಪಾಂಡುರಂಗ.

"ಐದ ಮಿನಿಟ ಸಾಕು."

"ಇಲ್ಲೂ ನಿಮ್ಮ ಸಾಲಿ ಗಂಟಿ ಹೊಡೀತೇನ್ರೀ?" ಎನ್ನುತ್ತ ಶಾಂತಾ ಬಂಡೆಗೊರಗಿ ಕಾಲು ಚಾಚಿದಳು. ನಾನು ಗಂಟು ಬಿಚ್ಚಿದೆ. ತುಪ್ಪದ ವಾಸನೆ ಹರಡಿತು.

ಎರಡನೇ ತುತ್ತಿಗೆ ಪೊದೆ ಅಲುಗಿತು. ಕಪ್ಪು ಜೂಲು, ಎದೆಯ ಮೇಲೆ ಬಿಳಿ ಪಟ್ಟೆ. ಕರಡಿ. ಬೆನ್ನಿನ ಮೇಲೆ ಮರಿ. ಹದಿನೈದು ಹೆಜ್ಜೆ ದೂರದಲ್ಲಿ ಎದ್ದು ನಿಂತು ಮೂಸಿತು. ನನ್ನ ಕೈ ಕೊರಳಲ್ಲಿದ್ದ ಸೀಟಿಗೆ ಹೋಯಿತು. ಶಾಂತಾ ನನ್ನ ಮಣಿಕಟ್ಟು ಹಿಡಿದಳು, ಉಗುರು ಊರಿತು.

"ಊದಬ್ಯಾಡ್ರಿ," ಪಾಂಡುರಂಗನ ಪಿಸುಮಾತು. "ಮರಿ ಐತಿ. ಗಂಟು ಅಲ್ಲೇ ಇರಲಿ. ಅಕ್ಕಾರನ್ನ ಎಬ್ಬಸ್ರಿ."

ಅವಳ ಮೊಣಕಾಲು ಸೆಟೆದುಕೊಂಡಿತ್ತು. ಸೆರಗು ಕಚ್ಚಿಕೊಂಡಳು, ಕಣ್ಣಲ್ಲಿ ನೀರು. ನಾನೂ ಪಾಂಡುರಂಗನೂ ಅವಳ ಕಂಕುಳಿಗೆ ಕೈಕೊಟ್ಟು ಎತ್ತಿ, ಬೆನ್ನು ತಿರುಗಿಸದೆ ಹಿಂದಕ್ಕೆ ಸರಿದೆವು. ಒಂದು ಹೆಜ್ಜೆ, ನಿಲ್ಲುವುದು, ಇನ್ನೊಂದು ಹೆಜ್ಜೆ. ಇಡೀ ಜನ್ಮ ಹೆಜ್ಜೆ ಎಣಿಸಿದವನಿಗೆ ಅವತ್ತು ಲೆಕ್ಕ ತಪ್ಪಿತು. ಕರಡಿ ಗಂಟಿಗೆ ಮೂತಿ ಹಾಕಿ ಸೊರ್ರನೆ ಹೀರುವ ಸದ್ದು ಕಣಿವೆಯ ತಿರುವಿನವರೆಗೂ ಕೇಳಿತು.

ಹಳ್ಳಿ ಮುಟ್ಟಿದಾಗ ಮೂರು ದಾಟಿತ್ತು. ಪಾಂಡುರಂಗನ ಮುದಿ ತಾಯಿ ನಾಚಣಿ, ಅಂದರೆ ರಾಗಿ ಅಂಬಲಿಯ ಗಡಿಗೆ ಮುಚ್ಚಿಟ್ಟು ಹೊಸ್ತಿಲಲ್ಲಿ ಕೂತಿದ್ದಳು.

"ನೀವು ಉಂಡಿಲ್ಲೇನ್ರಿ?" ಶಾಂತಾ ಕೇಳಿದಳು.

"ಮಂದಿ ಇನ್ನ ಹಾದ್ಯಾಗ ಇದ್ರ, ಮನ್ಯಾಗಿನವ್ರು ಹೆಂಗ ಉಣ್ಣೂದ ತಂಗಿ?"

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಂಜೆ ಅಂಗಳದಲ್ಲಿ ಹಾಡು ಎತ್ತಿದರು, ಕುಣಿದರು. ನನಗೆ ನೆನಪಿರುವುದು ನನ್ನ ಮಣಿಕಟ್ಟಿನ ನಾಲ್ಕು ಉಗುರುಗುರುತು ಮಾತ್ರ.

ಈಗ ಗೋಡೆಯ ಗಡಿಯಾರ ಒಂದು ಹೊಡೆಯಿತು. ಶಾಂತಾ ಇನ್ನೂ ಲಟ್ಟಣಿಗೆ ಬಿಟ್ಟಿಲ್ಲ.

"ಒಂದಾತ್ರಿ. ನಿಮಗ ಹಾಕಲೇನು?"

"ನಿಂದು ಮುಗೀಲಿ," ಎಂದು ಮಣೆ ಎಳೆದುಕೊಂಡು ಅವಳ ಪಕ್ಕ ಕೂತೆ.

ಅವಳು ನನ್ನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ, ಹೂರಣದ ಬೋಗುಣಿಯನ್ನು ನನ್ನ ಮುಂದಕ್ಕೆ ನೂಕಿದಳು.

"ಹಂಗಾರ ಉಂಡಿ ಕಟ್ರಿ, ಮಾಸ್ತರ. ಎಲ್ಲಾ ಒಂದ ಅಳತಿ ಇರಬೇಕ ಮತ್ತ."