ಅತ್ತೆ ಐದು ಸಲ ಎಲೆ ಕೆಳಗಿಟ್ಟ ಮಧ್ಯಾಹ್ನ

ಇವತ್ತಿನ ಬೆಳಗು ಯಾವ ಭಾನುವಾರದ ಬೆಳಗಿಗಿಂತಲೂ ಬೇರೆಯಾಗಿರಲಿಲ್ಲ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಫ್ಲ್ಯಾಟಿನ ಬಾಗಿಲಿಗೆ ಚಿಕ್ಕದೊಂದು ರಂಗೋಲಿ ಹಾಕಿದೆ. ಯಜಮಾನರು ಪೇಪರು ಹಿಡಿದು ಬಾಲ್ಕನಿಗೆ ಹೋದರು, ನಾನು ದೋಸೆಹಿಟ್ಟಿಗೆ ಉಪ್ಪು ಬೆರೆಸಿದೆ. ಆಮೇಲೆ ಹಳೆಯ ಕನ್ನಡಕ ಹುಡುಕಲು ಬೀರುವಿನ ಮೇಲಿನ ಖಾನೆಗೆ ಕೈ ಹಾಕಿದಾಗ ಒಂದು ಬಟ್ಟೆಯ ಚೀಲ ಕೆಳಗೆ ಬಿತ್ತು. ಬಿದ್ದ ರಭಸಕ್ಕೆ ಸಣ್ಣಗೆ ಬಿಳಿ ಧೂಳು ಎದ್ದು, ಮುಖದ ಪೌಡರಿನ ಘಮ ಕೋಣೆಯೆಲ್ಲ ತುಂಬಿತು.

ನೀವು ಎಂದಾದರೂ ಇಸ್ಪೀಟಿನ ಎಲೆಗಳಿಗೆ ಪೌಡರು ಹಾಕಿದ್ದೀರಾ? ನಮ್ಮ ಅತ್ತೆ ಹಾಕುತ್ತಿದ್ದರು. ಎಲೆಗಳನ್ನು ಚೀಲಕ್ಕೆ ಸುರಿದು, ಮೇಲೆ ಒಂದಿಷ್ಟು ಪೌಡರು ಉದುರಿಸಿ, ಮೊರದಲ್ಲಿ ಅಕ್ಕಿ ಕೇರುವ ಹಾಗೆ ಕುಲುಕುತ್ತಿದ್ದರು. ಆಮೇಲೆ ಎಲೆಗಳು ಒಂದರ ಮೇಲೊಂದು ಜಾರುತ್ತಿದ್ದುದನ್ನು ನೋಡಬೇಕಿತ್ತು.

ಚೀಲ ನೋಡಿ ನನಗೆ ನಾಚಿಕೆಯೂ ಆಯಿತು, ಏಕೆಂದರೆ ಇವತ್ತು ಸಂಜೆ ಆಟಕ್ಕೆ ಹೋಗುವುದಿಲ್ಲವೆಂದು ನಿನ್ನೆಯೇ ತೀರ್ಮಾನಿಸಿದ್ದೆ. ಸೇಲಂನ ನಮ್ಮ ಈ ಅಪಾರ್ಟ್‌ಮೆಂಟಿನ ಮಹಡಿಯ ಮೇಲೆ ಭಾನುವಾರ ಸಂಜೆ ಹೆಂಗಸರೆಲ್ಲ ಸೇರಿ ರಮ್ಮಿ ಆಡುತ್ತೇವೆ. ಕಾಸಿನ ಮಾತಿಲ್ಲ, ಕಡಲೆಕಾಳಿನ ಸುಂಡಲ್ ಮತ್ತು ಹರಟೆ ಅಷ್ಟೆ. ಸತತವಾಗಿ ಮೂರು ವಾರ ನನಗೆ ದರಿದ್ರ ಎಲೆಗಳೇ ಬಂದು, ಮೂರು ವಾರವೂ ನಾನೇ ಮೊದಲು ಸೋತು ಎದ್ದು ಬಂದಿದ್ದೆ. ಐವತ್ತು ದಾಟಿದ ಹೆಂಗಸು ಜೋಕರ್ ಬರಲಿಲ್ಲವೆಂದು ಮುನಿಸಿಕೊಂಡರೆ ಯಾರಿಗೆ ಹೇಳುವುದು? ಯಜಮಾನರಿಗೆ ಹೇಳಿದೆ. ಅವರು ಪೇಪರಿನ ಪುಟ ಮಗುಚಿದರು.

ತಪ್ಪು ಎಲೆಗಳದ್ದು ಮಾತ್ರವಲ್ಲ ಎಂದು ಒಳಗೊಳಗೇ ಗೊತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ತಟ್ಟೆಯಲ್ಲಿ ಒಂದು ಅಗುಳು ಬಿಡಬಾರದು, ಹೊಲಿಗೆಯನ್ನು ಅರ್ಧಕ್ಕೆ ನಿಲ್ಲಿಸಬಾರದು ಎಂದು ಕಲಿಸಿದ್ದರು ಸಿಸ್ಟರುಗಳು. ಹೊಲಿಗೆಗೆ ಅದು ಸರಿ. ರಮ್ಮಿಗೆ? ಹದಿಮೂರು ಎಲೆ ಹಂಚಿದ ಮೇಲೆ, ಎಲೆ ಚೆನ್ನಾಗಿಲ್ಲ ಎನಿಸಿದರೆ ಆಡುವ ಮೊದಲೇ ‘ಸ್ಕೂಟ್’ ಎಂದು ಕೆಳಗಿಟ್ಟುಬಿಡಬಹುದು. ಇಪ್ಪತ್ತು ಅಂಕ ತಲೆಗೆ ಬೀಳುತ್ತದೆ, ಅಷ್ಟೇ. ಹಟ ಹಿಡಿದು ಕೂತು ಸೋತರೆ ಎಂಬತ್ತರವರೆಗೂ ಬೀಳಬಹುದು. ಅಂಕ ಇನ್ನೂರು ದಾಟಿದವರು ಎದ್ದು ಹೋಗಬೇಕು. ಇಷ್ಟು ಸರಳ. ಆದರೂ ಕೊಟ್ಟ ಎಲೆಯನ್ನು ಆಡದೆ ಇಡುವುದೆಂದರೆ ನನಗೆ ತಟ್ಟೆಯಲ್ಲಿ ಅನ್ನ ಬಿಟ್ಟ ಹಾಗೆ.

ಅತ್ತೆಗೆ ಆ ಸಂಕಟ ಇರಲಿಲ್ಲ. ಅವರು ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಪಾಲಕೋಡಿನ ಹತ್ತಿರದ ಹಳ್ಳಿ, ಟೊಮೆಟೊ ತೋಟ. ಪೊಂಗಲ್ ಮುಗಿದ ಮಾರನೆಯ ದಿನ ಮಂಡಿಗೆ ಲೋಡು ಹೋಗುತ್ತಿರಲಿಲ್ಲವಾದ್ದರಿಂದ ಮಧ್ಯಾಹ್ನ ಜಗಲಿಯ ಮೇಲೆ ಗಂಡಸರ ರಮ್ಮಿ ನಡೆಯುತ್ತಿತ್ತು. ನಾಲ್ಕೇ ಜನ: ನಮ್ಮ ಮಾವ, ಅವರ ತಮ್ಮನಾದ ಚಿಕ್ಕಮಾವ, ಪಕ್ಕದ ತೋಟದ ಇಬ್ಬರು. ಹೆಂಗಸರ ಕೆಲಸ ಕಾಫಿ ತರುವುದು. ಅತ್ತೆ ಇಪ್ಪತ್ತು ವರ್ಷ ಕಾಫಿ ತಂದರು. ಲೋಟ ನೀಡುವಾಗ ಪ್ರತಿಯೊಬ್ಬರ ಕೈಯಲ್ಲಿರುವುದನ್ನೂ ನೋಡಿ, ಅವರು ಯಾವುದನ್ನು ಎಸೆಯುತ್ತಾರೆಂದು ಬಾಗಿಲ ಮರೆಯಿಂದ ಕಾಯುತ್ತಿದ್ದರಂತೆ.

ಮಾವ ತೀರಿಕೊಂಡ ಮರುವರ್ಷದ ಪೊಂಗಲಿಗೆ ಜಗಲಿಯಲ್ಲಿ ಒಂದು ಜಾಗ ಖಾಲಿ ಇತ್ತು. ನನಗಾಗ ಮದುವೆಯಾಗಿ ಎರಡು ವರ್ಷ. ಅತ್ತೆ ಕಾಫಿ ತಟ್ಟೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು, “ಆ ಜಾಗದಾಗೆ ನಾನ್ ಕೂತ್ಕಂತೀನಿ.”

ಚಿಕ್ಕಮಾವ ನಕ್ಕರು. “ಅತ್ಗೆ, ಇದೇನ್ ಎಂಗಸ್ರು ಆಡೋ ಪಲ್ಲಾಂಗುಳಿ ಮಣೆ ಅಂದ್ಕೊಂಡ್ಯಾ?”

“ರಮ್ಮಿ ಅಂತ್ಲೇ ಅಂದ್ಕೊಂಡಿವ್ನಿ.”

“ಸರಿ, ಕೂತ್ಕೋ. ಆದ್ರೆ ಮೊದ್ಲು ನೀನೇ ಔಟ್ ಆದ್ರೆ, ಇನ್ ಮ್ಯಾಕೆ ಈ ಜಗ್ಲಿಗೆ ಕಾಫಿ ತರೋಕ್ ಮಾತ್ರ ಬರ್ಬೇಕು. ಒಪ್ಪಿಗೇನಾ?”

“ಒಪ್ಪಿಗೆ. ಎಲೆ ಆಕಪ್ಪಾ.”

ಎಲೆ ಬಿತ್ತು. ನಾನು ಅತ್ತೆಯ ಬೆನ್ನ ಹಿಂದೆ ಕೂತು ನೋಡಿದೆ. ಜೋಕರ್ ಇಲ್ಲ, ಒಂದಕ್ಕೊಂದು ಸಂಬಂಧವಿಲ್ಲ, ಮದುವೆಮನೆಗೆ ದಾರಿ ತಪ್ಪಿ ಬಂದ ನೆಂಟರ ಹಾಗೆ ರಾಜ ರಾಣಿಯರು. ಅತ್ತೆ ಒಂದು ಸಲ ಕಣ್ಣಾಡಿಸಿ “ಸ್ಕೂಟ್” ಎಂದು ಕೆಳಗಿಟ್ಟರು. ಮುಂದಿನದೂ ಅಂಥದೇ. “ಸ್ಕೂಟ್.” ಮೂರನೆಯದಕ್ಕೂ “ಸ್ಕೂಟ್” ಅಂದಾಗ ಜಗಲಿಗೆ ಜಗಲಿಯೇ ನಕ್ಕಿತು.

“ಅತ್ಗೆ, ಒಲೆ ಮ್ಯಾಲೆ ಆಲ್ ಇಟ್ಟಿದ್ಯಾ? ಇಷ್ಟ್ ಅವಸರ!” ಚಿಕ್ಕಮಾವ ತೊಡೆ ತಟ್ಟಿದರು. “ಭಯ ಐತೆ ಅಂದ್ರೆ ಯೋಳು, ಪರವಾಯಿಲ್ಲೆ.”

ನನಗೆ ತಡೆಯಲಾಗಲಿಲ್ಲ. ಕಿವಿಯ ಬಳಿ ಬಗ್ಗಿ, “ಒಂದು ಸಲವಾದರೂ ಆಡಿ ಅತ್ತೆ, ನಾಚಿಕೆ ಆಗ್ತಿದೆ” ಎಂದೆ.

ಅತ್ತೆ ತಿರುಗದೆಯೇ ಪಿಸುಗುಟ್ಟಿದರು. “ನಾಚ್ಕೆ ಯಾಕವ್ವಾ? ಈ ಎಲೇನ ನಾನೇನ್ ಕರ್ದು ಕೂರ್ಸಿದ್ನಾ? ಬಂತು, ಓಗಂದೆ. ಇಟ್ಕಂಡು ಮುದ್ದು ಮಾಡುದ್ರೆ ಆಗ ನಂದು ತಪ್ಪು.”

ನಾಲ್ಕು, ಐದು. ಐದು ಸಲವೂ ಇಟ್ಟರು. ಅಂಕ ಬರೆಯುತ್ತಿದ್ದ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರ ಹೆಸರಿನ ಕೆಳಗೆ ನೂರು. ಅಷ್ಟೂ ಹೊತ್ತು ಅವರ ಮುಖದಲ್ಲಿ ಬೇಸರವಾಗಲಿ ಅಳುಕಾಗಲಿ ಇರಲಿಲ್ಲ. ಕೊಳೆತ ಟೊಮೆಟೊ ಆರಿಸಿ ಪಕ್ಕಕ್ಕೆ ಹಾಕುವಾಗ ಇರುತ್ತಿದ್ದ ಮುಖವೇ ಇತ್ತು.

ಈಗ ಚಿಕ್ಕಮಾವನ ಪಾಡು ಕೇಳಿ. ಅವರಿಗೂ ಕೆಟ್ಟ ಎಲೆಗಳು ಬರತೊಡಗಿದ್ದವು. ಆದರೆ ಸ್ಕೂಟ್ ಅನ್ನುವುದು ಹೇಗೆ? ಈಗಷ್ಟೇ ತೊಡೆ ತಟ್ಟಿ ನಕ್ಕ ಬಾಯಿ! ಪಕ್ಕದ ತೋಟದವರು ಬೇರೆ ಓರೆಗಣ್ಣಲ್ಲಿ ನೋಡುತ್ತಿದ್ದರು. ಬಂದದ್ದನ್ನೆಲ್ಲ ಆಡಿದರು, ಆಡಿದ್ದಕ್ಕೆಲ್ಲ ಸೋತರು. ಐದಾಟ ಮುಗಿಯುವಷ್ಟರಲ್ಲಿ ಅವರ ಅಂಕ ನೂರೈವತ್ತು ಮುಟ್ಟಿತ್ತು.

ಆರನೆಯ ಆಟದಲ್ಲಿ ಅತ್ತೆಗೆ ಎರಡು ಜೋಕರ್ ಬಂದವು. ಕಳಾವರದ ನಾಲ್ಕು, ಐದು, ಆರು ಸಾಲಾಗಿ ನಿಂತಿದ್ದವು. ಅತ್ತೆ ಈ ಸಲ ಸ್ಕೂಟ್ ಅನ್ನಲಿಲ್ಲ. ನಾಲ್ಕು ಸುತ್ತು ಬಂದಿರಬೇಕು. ಒಂದೆಲೆ ಬೋರಲು ಹಾಕಿ, ಉಳಿದ ಹದಿಮೂರನ್ನು ಹಪ್ಪಳ ಒಣಗಿಸುವವರ ಹಾಗೆ ಚಾಪೆಯ ಮೇಲೆ ಸಾಲಾಗಿ ಹರಡಿದರು.

ಚಿಕ್ಕಮಾವನ ಕೈಯಲ್ಲಿ ಒಂದು ಸಾಲೂ ಕೂಡಿರಲಿಲ್ಲ. ಇನ್ನೂರು ದಾಟಿತು. ಮೊದಲು ಎದ್ದವರು ಅವರೇ. ಎದ್ದವರು ಕೆಂಪಗಾಗಿ ಗುಡುಗಿದರು, “ಇದ್ ಬಿಡು. ಇನ್ನೊಂದ್ ಆಟ, ನೀನು ನಾನು ಇಬ್ರೇ. ಈಗ್ಲೇ!”

ನಾನಾಗಿದ್ದರೆ ಗೆದ್ದ ಬಿಸಿಯಲ್ಲಿ ಕೂತುಬಿಡುತ್ತಿದ್ದೆ. ಅತ್ತೆ ಎಲೆಗಳನ್ನು ಒಟ್ಟುಮಾಡುತ್ತ, “ಇಲ್ಲಪ್ಪಾ. ಉರೀತಿರೋರ ಎದ್ರಿಗೆ ನಾನ್ ಆಡಲ್ಲ. ನೀನು ಆಟ ಬಿಟ್ಟು ನನ್ನೇ ಒಡೀಬೇಕು ಅಂತಿದ್ದೀಯ” ಎಂದರು. “ಬರೋ ಪೊಂಗಲ್‌ಗೆ ಕೂರಾನ. ಜಾಗ ಐತಲ್ಲ ನಂಗೆ.”

ಮುಂದಿನ ಪೊಂಗಲಿಗೆ ಚಾಪೆ ಹಾಸಿ, “ಅತ್ಗೆ, ಬಾರಮ್ಮಾ” ಎಂದು ಒಳಗೆ ಬಂದು ಕರೆದವರು ಚಿಕ್ಕಮಾವನೇ. ಅತ್ತೆ ಬದುಕಿದ್ದಷ್ಟು ವರ್ಷವೂ ಅಲ್ಲಿ ಕೂತರು. ಗೆದ್ದರು, ಸೋತರು, ಒಂದೆರಡು ಸಲ ಮೊದಲು ಎದ್ದದ್ದೂ ಉಂಟು. ಕಾಫಿಯ ಷರತ್ತನ್ನು ಯಾರೂ ಎತ್ತಲಿಲ್ಲ. ಕಾಫಿ ನಾವು ಸೊಸೆಯರು ತರುತ್ತಿದ್ದೆವು. ಅತ್ತೆಗೆ ಲೋಟ ಕೊಡುವಾಗ ನಾನು ಸ್ವಲ್ಪ ನೆಟ್ಟಗೆ ನಿಲ್ಲುತ್ತಿದ್ದೆ. ಯಾಕೆಂದು ಆಗ ಗೊತ್ತಾಗುತ್ತಿರಲಿಲ್ಲ.

ಇವತ್ತು ಸಂಜೆ ಸೀರೆ ಬದಲಿಸಿ ಮಹಡಿ ಹತ್ತಿದೆ. ಅಲ್ಲಿ ಎರಡು ಮೇಜು. ಒಂದರಲ್ಲಿ ಜೋರು ಬಾಯಿಯ ಮೂವರು. ಸೋತರೆ ಎಲೆ ಕುಕ್ಕುತ್ತಾರೆ, ಗೆದ್ದರೆ ಹಂಗಿಸುತ್ತಾರೆ. ಅವರನ್ನು ಸೋಲಿಸಿಯೇ ತೀರುತ್ತೇನೆಂದು ಮೂರು ವಾರವೂ ಅಲ್ಲೇ ಹೋಗಿ ಕೂತಿದ್ದೆ. ಇವತ್ತು ಇನ್ನೊಂದಕ್ಕೆ ಹೋದೆ. ಎಲೆಗಳೇನೂ ಸುಧಾರಿಸಿರಲಿಲ್ಲ. ನಾಲ್ಕು ಸಲ ಸ್ಕೂಟ್ ಅಂದೆ. ಮೊದಲನೆಯದನ್ನು ಎಲೆಗಳನ್ನು ಎರಡೆರಡು ಬಾರಿ ಜೋಡಿಸಿ ನೋಡಿದ ಮೇಲೆ ಅಂದೆ, ನಾಲ್ಕನೆಯದು ಸಲೀಸಾಗಿ ಬಂತು. ಕೊನೆಯ ಆಟದಲ್ಲಿ ಇಬ್ಬರೇ ಉಳಿದೆವು, ನಾನು ಸೋತೆ. ಸೋತು ಏಳುವಾಗ ಬೆನ್ನು ನೆಟ್ಟಗಿತ್ತು.

ಎದುರು ಮನೆಯ ಜಯಂತಿ ಇವತ್ತು ನಮ್ಮ ಮೇಜಿನಲ್ಲಿ ಎಲ್ಲರಿಗಿಂತ ಮೊದಲು ಔಟ್ ಆಗಿದ್ದವಳು. ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತ, ನನ್ನ ಮುಖವನ್ನೂ ನೋಡದೆ ಕೇಳಿದಳು, “ಎನ್ನಕ್ಕಾ ಇದು, ಎಲೆ ಬಿಟ್ಟು ಬಿಟ್ಟೂ ಕೊನೇ ಗಂಟ ಕೂತಿದ್ರಲ್ಲ! ಇದ್ಯಾವ್ ಊರ್ ಆಟ?” ಅವಳು ಜೋಡಿಸಿದ್ದ ಕುರ್ಚಿಗಳಲ್ಲಿ ಎರಡನ್ನು ಮತ್ತೆ ಬಿಡಿಸಿ, “ನಮ್ಮ ಅತ್ತೆಯ ಊರಿನದು, ಕೂತ್ಕೋ” ಎಂದೆ.