ಎಡಗಿವಿಗೆ ಕೇಳಿಸದ ಜೀರುಂಡೆ

ಊಟವಾದ ಮೇಲೆ ಅಂಗಳದ ಕಲ್ಲುಚಪ್ಪಡಿಯ ಮೇಲೆ ಅರ್ಧ ಗಂಟೆ ಕೂರುವುದು ನಮ್ಮಿಬ್ಬರ ರೂಢಿ. ತೆಂಗಿನ ತೋಟ ಅಲ್ಲಿಂದಲೇ ಶುರು. ದೀಪ ಆರಿಸಿದರೆ ಹುಳಗಳು ನಮ್ಮನ್ನು ಬಿಟ್ಟು ತಮ್ಮ ಪಾಡಿಗೆ ಹಾಡಿಕೊಳ್ಳುತ್ತವೆ. ಹೆಂಡತಿ ಸುಮ್ಮನೆ ಕೇಳುತ್ತಾಳೆ. ನಾನು ತೆಂಗಿನ ನುಸಿ, ನನ್ನ ಸಕ್ಕರೆ ಕಾಯಿಲೆ, ಬೋರಿನ ಮೋಟರು ಎಂದು ಸರದಿಯ ಪ್ರಕಾರ ಚಿಂತಿಸುತ್ತೇನೆ.

ಹೋದ ಚಳಿಗಾಲದಲ್ಲಿ ಒಂದು ದಿನ ಬಲಗೆನ್ನೆಗೆ ಕೈಕೊಟ್ಟು ಕೂತಿದ್ದೆ. ಅಂಗೈ ಕಿವಿಗೆ ಅಡ್ಡವಾಯಿತು. ಜೀರುಂಡೆಗಳು ಥಟ್ಟನೆ ನಿಂತವು. ಕೈ ತೆಗೆದೆ, ಶುರುವಾದವು. ಮತ್ತೆ ಮುಚ್ಚಿದೆ, ಇಡೀ ತೋಟ ಮೌನ.

"ಏನ್ರೀ, ಸೊಳ್ಳೆನಾ?"

"ಹೂಂ ಕಣೇ, ಸೊಳ್ಳೆ."

ಮಾರನೇ ಬೆಳಗ್ಗೆ ಕೊಟ್ಟಿಗೆಯ ಹಿಂದೆ ನಿಂತು, ಒಂದು ಕಿವಿ ಮಂದವಾಗುವುದೇಕೆ ಎಂದು ಫೋನನ್ನು ಕೇಳಿದೆ. ಒಂದೇ ಒಂದು ಸಲ. ಅಂದಿನಿಂದ ಕೊಬ್ಬರಿ ರೇಟಿನ ವೀಡಿಯೊ ಹಾಕಿದರೆ ನಡುವೆ ಒಬ್ಬ ಮುದುಕ ಹಲ್ಲು ಕಿರಿದು, "ಮೊಮ್ಮಕ್ಕಳ ಮಾತು ಕೇಳಿಸುತ್ತಿಲ್ಲವೇ?" ಎನ್ನುತ್ತಾನೆ. ಮಳೆ ಬರುತ್ತದೋ ಎಂದು ನೋಡಿದರೂ ಅವನೇ. ನನಗಿನ್ನೂ ಮೊಮ್ಮಕ್ಕಳೇ ಇಲ್ಲ! ಈ ಜಾಹೀರಾತು ಬೇಡ ಎಂದು ಒತ್ತಿದೆ. ಯಾಕೆ ಬೇಡ ಎಂದಿತು. ನನಗೆ ಸಂಬಂಧವಿಲ್ಲ ಎಂದು ಅದಕ್ಕೂ ಸುಳ್ಳು ಹೇಳಿದೆ. ನಂಬಲಿಲ್ಲ. ಕೊನೆಗೆ ಫೋನನ್ನು ಮಗುಚಿಡತೊಡಗಿದೆ.

"ಯಾರ್ರೀ ಅವ್ಳು, ಅಂಗೆ ಬಚ್ಚಿಡ್ತೀರಾ?" ಎಂದು ಹೆಂಡತಿ ಛೇಡಿಸಿದಳು.

ನಮ್ಮ ಕಡೆ ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೋ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಣಗಿ ಚಿಪ್ಪು ಬಿಟ್ಟಿದ್ದರೆ ಒಳಗೆ ಗಡಗಡ ಎನ್ನುತ್ತದೆ. ಈ ವರ್ಷ ನಾನು ಬಲಗೈಲಿ ಏಣಿ ಹಿಡಿದು, ಬಲಗಿವಿಯನ್ನು ಅದೇ ತೋಳಿಗೆ ಒತ್ತಿಕೊಂಡು, ಎಡಗೈಲಿ ಒಂದೊಂದೇ ಕಾಯಿ ಎಡಗಿವಿಯ ಹತ್ತಿರ ಅಲ್ಲಾಡಿಸಿ ಘೋಷಿಸಿದೆ: "ಇನ್ನೂ ಹಸಿ ಕಣೇ. ಎರಡು ತಿಂಗಳು ಬೇಕು."

"ಕೆಳಗಿರೋ ನಂಗೇ ಕೇಳಿಸ್ತೈತಲ್ರೀ!"

ಇಳಿದೆ. ಅವಳು ಕಾಯಿ ಇಸಕೊಂಡು ನನ್ನ ಬಲಗಿವಿಗೆ ಹಿಡಿದು ಅಲ್ಲಾಡಿಸಿದಳು. ಗಡಗಡ. ಬಲಗಿವಿ ಮುಚ್ಚಿ ಎಡಗಿವಿಗೆ ಹಿಡಿದಳು. ನನ್ನ ಮುಖ ನೋಡಿದಳು.

"ಯಾವಾಗ್ಲಿಂದ?"

"ಚಳಿಗಾಲದಿಂದ. ಫೋನಿಗೆ ಬಿಟ್ರೆ ಯಾರಿಗೂ ಹೇಳಿಲ್ಲ."

"ಫೋನಿಗೆ ಹೇಳ್ಕಂಡ್ರಿ," ಎಂದಳು. ಅಷ್ಟೇ. ಕಾಯಿ ನನ್ನ ಕೈಗೆ ತುರುಕಿ ಒಳಗೆ ಹೋದಳು. ಕತ್ತಲಾದ ಮೇಲೆ, ಎಂದಿನ ಎಡಗಡೆ ಬಿಟ್ಟು ನನ್ನ ಬಲಕ್ಕೆ ಬಂದು ಕೂತಳು.

ಎರಡು ದಿನ ಕಳೆಯಿತು. ಅಂಗಳದಲ್ಲಿ ಕೂತಿದ್ದಾಗ, ತಾನು ನೋಡುತ್ತಿದ್ದ ಅಡುಗೆ ವೀಡಿಯೊ ನಿಂತಿತೆಂದು ತನ್ನ ಫೋನು ನನ್ನ ಕೈಗಿಟ್ಟಳು. ಹುರುಳಿಸಾರಿನ ನಡುವೆ ಅದೇ ಮುದುಕ, ಅದೇ ಹಲ್ಲು. ಹುಡುಕದವರ ಫೋನಿಗೆ ಅವನು ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಈ ಸಲ ಏನನ್ನೂ ಒತ್ತಲಿಲ್ಲ. ಮೊಮ್ಮಕ್ಕಳ ಮಾತು ಮುಗಿಯುವವರೆಗೂ ಕಾದೆ.

"ಸೋಮವಾರ ತಿಪಟೂರ್‌ಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕಂಡ್ ಬರಾನ," ಎಂದಳು. "ಚಿಂತೆ ಬುಡಿ, ನಾನೂ ಬತ್ತೀನಿ."

ಸುತ್ತ ಜೀರುಂಡೆಗಳ ಗಲಾಟೆ. ಅವಳು ಹೇಳಿದ್ದು ಮೆಲ್ಲಗೆ. ಬಲಗಡೆ ಕೂತು ಹೇಳಿದ್ದರಿಂದ ಒಂದಕ್ಷರವೂ ತಪ್ಪಲಿಲ್ಲ.