ಗೌರವದ ಹಳೇ ಪದ

ಗೆಳೆಯರೇ, ನಮ್ಮ ಬೀದಿಯ ಬಟ್ಟೆ ಅಂಗಡಿ ಶೇಖರಪ್ಪನವರು ಇವತ್ತು ಬೆಳಿಗ್ಗೆ ನನ್ನ ಹತ್ತಿರ ಪತ್ರ ಬರೆಸಲು ಬಂದಿದ್ದರು. ಮಗನಿಗೆ ನೋಡಿರುವ ಹರಿಹರದ ಹುಡುಗಿ ಕನ್ಯೆಯೆಂದು ಡಾಕ್ಟರಿಂದ ಬರೆಸಿಕೊಡಿ ಅಂತ ಅವಳ ತಂದೆಯನ್ನು ಕೇಳಬೇಕಂತೆ.

"ಕನ್ನಡದಾಗ ಅಸಹ್ಯ ಕಾಣ್ತೈತ್ರಿ ಮೇಷ್ಟ್ರೇ. ಇಂಗ್ಲಿಷ್‌ನಾಗ ಯಾವ್ದಾರ ಹಳೇ, ಗೌರವದ ಪದ ಹಾಕ್ರಿ."

'ಮೇಡನ್‌ಹೆಡ್' ನೆನಪಾಯಿತು. ನೆನಪಾದ ಹೆಮ್ಮೆಯಲ್ಲಿ ನಾಚಿಕೆಯಿಲ್ಲದೆ ಬರೆದೂಬಿಟ್ಟೆ.

"ಹೆಡ್ ಅಂದ್ರ ತಲೆ ಅಲ್ಲೇನ್ರಿ? ತಲಿಗೂ ಇದಕ್ಕೂ ಏನು ಸಂಬಂಧ?"

"ತಲೆ ಅಲ್ರಿ. ದೊಡ್ಡತನ, ಸಣ್ಣತನ ಅಂತೀವಲ್ಲ, ಆ 'ತನ' ಇದ್ದಂಗೆ. ಕನ್ನೆತನ ಅಂತ ಅರ್ಥ. ಹಿಂದೆ ಇಂಗ್ಲಿಷಿನವರು ಹೆಣ್ಣಿನ ಸಂಗ ಮಾಡದ ಗಂಡಸಿಗೂ ಮೇಡನ್ ಅಂತಿದ್ರು. ಹಂಗಾಗಿ ನಿಮ್ಮ ಮಗಂದೂ ಒಂದು ಸರ್ಟಿಫಿಕೇಟ್ ಕಳಿಸ್ತೀವಿ ಅಂತ ಸೇರಿಸ್ಲಾ?"

ಶೇಖರಪ್ಪನವರು ಹಾಳೆ ಎಳೆದುಕೊಂಡು ನಿಧಾನವಾಗಿ ಹರಿದರು.

"ಪತ್ರಾನೇ ಬ್ಯಾಡ ಬಿಡ್ರಿ. ಗಂಡುಹುಡುಗ್ರ ವಿಷಯ ಹೆಂಗೆ ಹೇಳಾಕಾಗ್ತೈತೆ?"

ಮಗನ ಬಗ್ಗೆ ಒಂದು ಸಾಲು ಬರೆಸಲಾರದ ಮನೆಗೆ ಸೊಸೆ ಮಾತ್ರ ಡಾಕ್ಟರ ಸಹಿಯೊಂದಿಗೆ ಬರಬೇಕಿತ್ತು. ಸದ್ಯ ಹರಿಹರದ ಹುಡುಗಿಗೆ ಒಂದು ಅವಮಾನ ತಪ್ಪಿತು. ಇನ್ನು ಈ ಮದುವೆಯೊಂದು ತಪ್ಪಿದರೆ ಸಾಕು.